ಸಹಾಯ ಬೇಕು: ಕ್ಲೋವಿಸ್‌ವರೆಗಿನ ವಂಶಾವಳಿಯಲ್ಲಿ ತಪ್ಪಿದ ಕೊಂಡಿ

ಎಲ್ಲರಿಗೂ ನಮಸ್ಕಾರ. ಫ್ರಾಂಕರ ದೊರೆ ಒಂದನೇ ಕ್ಲೋವಿಸ್‌ವರೆಗೆ (ನಿಧನ 511) ಒಂದು ವಂಶಾವಳಿ ಜೋಡಿಸಬೇಕಿದೆ. ನಂತರದ ಫ್ರಾಂಕ್ ಚಕ್ರವರ್ತಿ ಶಾರ್ಲಮೇನ್‌ವರೆಗೆ ತೊಡಕಿಲ್ಲ: ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ, ಅವನ ತಾಯಿ ಫ್ಲಾಂಡರ್ಸ್‌ನ ಮಟಿಲ್ಡಾ, ಅಲ್ಲಿಂದ ಫ್ಲಾಂಡರ್ಸ್ ಆಳಿದ ಬಾಲ್ಡ್ವಿನ್‌ಗಳ ಸಾಲು ಹಿಡಿದರೆ ಶಾರ್ಲಮೇನ್‌ನ ಮರಿಮಗಳು ಜೂಡಿತ್.

ಕಗ್ಗಂಟು ಅದರಾಚೆಗೆ. ಶಾರ್ಲಮೇನ್‌ನ ಪೂರ್ವಜ, ಮೆಟ್ಸ್‌ನ ಬಿಷಪ್ ಅರ್ನುಲ್ಫ್‌ನನ್ನು ಅನ್ಸ್‌ಬರ್ಟ್, ಬ್ಲಿಥಿಲ್ಡ್ ಎಂಬ ದಂಪತಿಯ ಮೂಲಕ ಕ್ಲೋವಿಸ್ ಮನೆತನಕ್ಕೆ ಅಂಟಿಸುವ ಪಟ್ಟಿ ಅರ್ನುಲ್ಫ್‌ನ ಕಾಲಕ್ಕಿಂತ ಸುಮಾರು ನೂರೈವತ್ತು ವರ್ಷ ತಡವಾಗಿ ಹೊಸೆದದ್ದು. ಅಂತರ್ಜಾಲದ ವಂಶವೃಕ್ಷಗಳು ಅದನ್ನೇ ಒಂದರಿಂದೊಂದು ನಕಲು ಮಾಡಿಕೊಂಡಿವೆ. ದಯವಿಟ್ಟು ಅವುಗಳ ಕೊಂಡಿ ಕಳಿಸಬೇಡಿ!

ಉಳಿದ ದಾರಿ ಇಂಗ್ಲೆಂಡಿನ ಹಳೆಯ ರಾಜ್ಯ ಕೆಂಟ್. ಕ್ಲೋವಿಸ್‌ನ ಮೊಮ್ಮಗ ಚಾರಿಬರ್ಟ್‌ನ ಮಗಳು ಬರ್ತಾ ಅಲ್ಲಿನ ಎಥೆಲ್‌ಬರ್ಟ್‌ನ ರಾಣಿ. ಆ ರಾಜಮನೆತನದ ಸಾಲು ವಿಟ್‌ರೆಡ್‌ವರೆಗೆ (ನಿಧನ 725) ಸಿಗುತ್ತದೆ. ಅಲ್ಲಿನ ಇನ್ನೊಂದು ಹಳೆಯ ರಾಜ್ಯ ವೆಸೆಕ್ಸ್‌ನ ದೊರೆ ಎಗ್‌ಬರ್ಟ್ ಹೆನ್ರಿಯ ಪೂರ್ವಜ; ಅವನ ತಂದೆ ಎಲ್‌ಮಂಡ್ 784ರಲ್ಲಿ ಕೆಂಟ್‌ನ ರಾಜ. ಆದರೆ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಹಳೆಯ ಇಂಗ್ಲಿಷ್ ವೃತ್ತಾಂತ ಎಲ್‌ಮಂಡ್‌ನನ್ನು ತಂದೆಯ ಕಡೆಯಿಂದ ವೆಸೆಕ್ಸ್ ರಾಜಮನೆತನದ ಇಂಗಿಲ್ಡ್‌ಗೆ ಒಯ್ಯುತ್ತದೆ. ಎಲ್‌ಮಂಡ್‌ನ ತಾಯಿ ಕೆಂಟ್‌ನವಳು ಎಂಬುದು ಬರೀ ಊಹೆ.

725ರಿಂದ 784ರ ನಡುವಿನ ಕೆಂಟ್ ದಾನಪತ್ರಗಳನ್ನು ಲ್ಯಾಟಿನ್‌ನಲ್ಲೇ ಓದಿದವರಿದ್ದೀರಾ? ಸಾಕ್ಷಿಗಳ ಪಟ್ಟಿಯಲ್ಲಿ ನಂಟು ಸೂಚಿಸುವ ಒಂದೇ ಪದವಿದ್ದರೂ ಸಾಕು. ಪತ್ರದ ವರ್ಷ, ಅದು ಮೂಲವೋ ನಂತರದ ನಕಲೋ, ಎರಡನ್ನೂ ತಿಳಿಸಿ. ಹೆಸರುಗಳು 'ಎ' ಅಕ್ಷರದಿಂದ ಶುರುವಾಗುವ ಹೋಲಿಕೆಯೊಂದೇ ಸಾಕ್ಷ್ಯವಾಗದು.