ಸಹಾಯ ಬೇಕು: ಹಾಸನದ ಮಕ್ಕಳ ರ‍್ಯಾಪಿಡ್ ಚೆಸ್‌ಗೆ ಇಬ್ಬರು ತೀರ್ಪುಗಾರರು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ರ‍್ಯಾಪಿಡ್ ಚೆಸ್ ಇಟ್ಟುಕೊಂಡಿದ್ದೇವೆ, ತಲಾ 15 ನಿಮಿಷ. ಜಗಳ ಹತ್ತುವುದು ಹೆಚ್ಚಾಗಿ ಒಂದೇ ಕಡೆ: ಚೆಕ್ (ರಾಜನ ಮೇಲೆ ದಾಳಿ) ಇರುವುದು ಕಾಣದೆ ಬೇರೆ ಕಾಯಿ ನಡೆಸಿ ಗಡಿಯಾರ ಒತ್ತಿಬಿಡುತ್ತಾರೆ, ಎದುರಿನ ಮಗು ರಾಜನನ್ನೇ ಎತ್ತಿಕೊಂಡು 'ಗೆದ್ದೆ' ಅನ್ನುತ್ತದೆ. ಅದು ಗೆಲುವಲ್ಲ. ಗಡಿಯಾರ ನಿಲ್ಲಿಸಿ, ತೀರ್ಪುಗಾರರನ್ನು ಕರೆಯಲು ಕೈ ಎತ್ತಬೇಕು.

ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಂತೆ ಕಾಯಿಗಳನ್ನು ಹಿಂದಿನ ಸ್ಥಿತಿಗೆ ತಂದು, ತಪ್ಪು ನಡೆ ಆಡಿದವರ ಎದುರಾಳಿಗೆ 2 ನಿಮಿಷ ಹೆಚ್ಚು ಕೊಡಬೇಕು. ಮುಟ್ಟಿದ ಕಾಯಿಯಿಂದಲೇ ಚೆಕ್ ತಪ್ಪಿಸಲು ಆಗುವುದಾದರೆ ಅದನ್ನೇ ನಡೆಸಬೇಕು. ಅದೇ ಆಟಗಾರ ಎರಡನೇ ಸಲ ತಪ್ಪಿದರೆ ಸಾಮಾನ್ಯವಾಗಿ ಸೋಲು. ಬೋರ್ಡಿಗೊಬ್ಬ ತೀರ್ಪುಗಾರರಿಲ್ಲದ ಕಡೆ, ಎದುರಿನವರು ಗಮನಿಸದೆ ಮುಂದಿನ ನಡೆ ಆಡಿಬಿಟ್ಟರೆ ತಪ್ಪು ನಡೆ ಹಾಗೇ ಉಳಿಯುತ್ತದೆ. ಮಕ್ಕಳಿಬ್ಬರೂ ತಾವಾಗಿ ಒಪ್ಪಿದರೆ ಮಾತ್ರ ತಿದ್ದಬಹುದು. ಪೋಷಕರು ಬೋರ್ಡಿನ ಹತ್ತಿರ ಬಾಯಿ ಹಾಕುವಂತಿಲ್ಲ, ಇದು ಖಡಾಖಂಡಿತ.

ಇಷ್ಟು ತಿಳಿದ, ಮಕ್ಕಳ ಮೇಲೆ ರೇಗದ ಇಬ್ಬರು ಒಂದು ಭಾನುವಾರ ಬರಬಲ್ಲಿರಾ? ಇನ್ನೊಂದು ಪ್ರಶ್ನೆ: ಮಗು ತನ್ನ ತಪ್ಪನ್ನು ತಾನೇ ಹೇಳಿದರೂ 2 ನಿಮಿಷ ಕೊಡುತ್ತೀರಾ? ಆಡಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ.