ಆಗಷ್ಟೇ ಕಿತ್ತ ಬೆರಿ ಫ್ರೀಜರ್‌ನಲ್ಲಿ ಒಂದೇ ಮುದ್ದೆ ಆಗುತ್ತೆ, ಏನು ಮಾಡೋದು?

ಪ್ರಶ್ನೆ
ಸ್ಟ್ರಾಬೆರಿ 3 ಕೆಜಿ, ಬ್ಲೂಬೆರಿ 1 ಕೆಜಿ ಇದೆ. ತೊಳೆದು ಕವರ್‌ಗೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ಕಲ್ಲಿನಂಥ ಮುದ್ದೆ ಆಗುತ್ತೆ. ಕರಗಿದರೆ ನೀರು ಬಿಟ್ಟು ಪಿಚಪಿಚ. ತೊಳೆಯಲೇಬಾರದಾ? ಒಂದಷ್ಟು ಜಾಮ್ ಮಾಡೋಣ ಅಂದ್ರೆ ಸಕ್ಕರೆ ಎಷ್ಟು?

ಉತ್ತರ 1
ಮುದ್ದೆ ಆಗೋದು ಹಣ್ಣಿನ ಮೇಲೆ ಉಳಿದ ನೀರಿಂದ. ಸ್ಟ್ರಾಬೆರಿನ ತೊಟ್ಟು ಸಮೇತ ತೊಳೀರಿ, ಮೊದಲೇ ತೊಟ್ಟು ಕಿತ್ತರೆ ಆ ತೂತಲ್ಲಿ ನೀರು ಇಳಿಯುತ್ತೆ. ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಿ, ಆಮೇಲೆ ತೊಟ್ಟು ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರವಾಗಿ ಜೋಡಿಸಿ ಮೈನಸ್ 18 ಡಿಗ್ರಿಯಲ್ಲಿಡಿ. ರಾತ್ರಿ ಕಳೆದ ಮೇಲೆ ಕವರ್‌ಗೆ ತುಂಬಿ ಗಾಳಿ ಒತ್ತಿ ತೆಗೀರಿ. ಗಾಳಿ ಉಳಿದರೆ ಹಣ್ಣು ಒಣಗಿ ಬಿಳಿಚಿಕೊಳ್ಳುತ್ತೆ. 8ರಿಂದ 12 ತಿಂಗಳು ಚೆನ್ನಾಗಿರುತ್ತೆ.

ಮೆತ್ತಗಾಗೋದಕ್ಕೆ ಕಾರಣ ಬೇರೆ. ಹಣ್ಣಿನೊಳಗಿನ ನೀರು ಹರಳುಗಟ್ಟಿ ಕೋಶದ ಗೋಡೆ ಸೀಳುತ್ತೆ, ನಿಧಾನಕ್ಕೆ ಹೆಪ್ಪುಗಟ್ಟಿದಷ್ಟೂ ಹರಳು ದೊಡ್ಡದು. ಹಾಗಾಗಿ 3 ಕೆಜಿನೂ ಒಂದೇ ಸಲ ತುರುಕಬೇಡಿ. ಮನೆಯ ಫ್ರೀಜರ್‌ನಲ್ಲಿ ಇದನ್ನ ಪೂರ್ತಿ ತಪ್ಪಿಸೋಕೆ ಆಗಲ್ಲ, ಅರ್ಧ ಕರಗಿದಾಗಲೇ ತಿಂದುಬಿಡಿ.

ಉತ್ತರ 2
ಮೇಲಿನದಕ್ಕೆ ಒಂದು ತಿದ್ದುಪಡಿ: ಬ್ಲೂಬೆರಿನ ತೊಳೀದೆ ಫ್ರೀಜರ್‌ಗೆ ಹಾಕಿ, ಬಳಸುವಾಗ ತೊಳೀರಿ. ತೊಳೆದಿಟ್ಟರೆ ಸಿಪ್ಪೆ ಗಡುಸಾಗುತ್ತೆ.

ಜಾಮ್‌ಗೆ 1 ಕೆಜಿ ಸ್ಟ್ರಾಬೆರಿಗೆ 800 ಗ್ರಾಂ ಸಕ್ಕರೆ, 2 ದೊಡ್ಡ ಚಮಚ ನಿಂಬೆರಸ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ (ಜಾಮ್ ಗಟ್ಟಿಯಾಗಿಸೋ ಹಣ್ಣಿನ ಅಂಶ) ಕಮ್ಮಿ, ಹುಳಿ ಇಲ್ಲದಿದ್ದರೆ ಅದು ಕಟ್ಟಿಕೊಳ್ಳಲ್ಲ. ಅಗಲವಾದ ಪಾತ್ರೆಯಲ್ಲಿ ಒಂದು ಸಲಕ್ಕೆ 1 ಕೆಜಿ ಮಾತ್ರ. ಜಾಸ್ತಿ ಹಾಕಿದರೆ ಕುದಿಸೋ ಹೊತ್ತು ಹೆಚ್ಚಿ ಪೆಕ್ಟಿನ್ ಕೆಡುತ್ತೆ, ಬಣ್ಣ ಕಂದಾಗುತ್ತೆ. 105 ಡಿಗ್ರಿ ಬಂದಾಗ ಇಳಿಸಿ. ಎತ್ತರದ ಜಾಗದಲ್ಲಿ ನೀರೇ 100ಕ್ಕಿಂತ ಮೊದಲು ಕುದಿಯುತ್ತೆ, ಅಲ್ಲಿ ನೀರಿನ ಕುದಿಬಿಂದುವಿಗಿಂತ 4–5 ಡಿಗ್ರಿ ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರೀಜರ್‌ನಲ್ಲಿಟ್ಟ ತಟ್ಟೆ ಮೇಲೆ ಒಂದು ಹನಿ ಬಿಟ್ಟು, ತಣ್ಣಗಾದ ಮೇಲೆ ಬೆರಳಿಂದ ತಳ್ಳಿ: ಸುಕ್ಕುಗಟ್ಟಿದರೆ ಆಯ್ತು.

ಪ್ರಶ್ನೆ ಕೇಳಿದವರು
ಸಕ್ಕರೆ 400 ಗ್ರಾಂಗೆ ಇಳಿಸಬಹುದಾ?

ಉತ್ತರ 2
ಇಳಿಸಬಹುದು, ಆದರೆ ತೆಳ್ಳಗಿರುತ್ತೆ. ಬೂಸ್ಟು ಬೆಳೆಯೋಕೆ ಬೇಕಾದ ನೀರನ್ನ ಹಿಡಿದಿಟ್ಟುಕೊಳ್ಳೋದು ಸಕ್ಕರೆಯೇ, ಆದ್ದರಿಂದ ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ, ಉಳಿದದ್ದು ಫ್ರೀಜರ್‌ಗೆ. ಡಬ್ಬಿ ಮೇಲೆ ಒಂದು ಬೆರಳಗಲ ಜಾಗ ಬಿಡಿ, ಹೆಪ್ಪುಗಟ್ಟುವಾಗ ಉಬ್ಬುತ್ತೆ.