ಅಪ್‌ಡೇಟ್: ಹಳೇ ಓಮ್ನಿಯ ಪೆಟ್ರೋಲ್ ಪೈಪ್ ಸಿಕ್ಕಿತು

ನಮ್ಮ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಮಾರುತಿ ಓಮ್ನಿ ವ್ಯಾನಿಗೆ ಪೆಟ್ರೋಲ್ ಪೈಪ್ ಎಲ್ಲಿ ಸಿಗುತ್ತದೆ ಅಂತ ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಕಾಸರಗೋಡಿನಲ್ಲಿ ಹುಡುಕಿ ಸುಸ್ತಾದೆ. ಗುಜರಿಯಿಂದ ತಂದ ಪೈಪ್ ಬಗ್ಗಿಸಿದ ಕೂಡಲೇ ಬಿರುಕು ಬಿಟ್ಟಿತು, ಸುಮ್ನೆ ದುಡ್ಡು ದಂಡ. "ಹಳೇ ತುಂಡು ಹಿಡಿದುಕೊಂಡು ಮಂಗಳೂರಿಗೆ ಹೋಗಿ, ಮೀಟರ್ ಲೆಕ್ಕದಲ್ಲಿ ತಗೊಳ್ಳಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎಸ್‌ಎಇ ಜೆ30 ಆರ್9 (ಇಂಧನ ಪೈಪಿನ ಗುಣಮಟ್ಟದ ಗುರುತು) ಅಂತ ಅಚ್ಚು ಹಾಕಿದ ಹೋಸ್ ಸಿಕ್ಕಿತು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಅದೇ ವಾಸಿ.

ತಮಾಷೆ ಏನಂದ್ರೆ, ಗಾಡಿಯಲ್ಲಿ ಮೊದಲಿದ್ದ ಹಳೇ ಪೈಪಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಇಂಜಿನ್ ಬಳಿಯ ಪಂಪ್ ಟ್ಯಾಂಕಿನಿಂದ ಎಳೆಯುವಾಗ ಬಿರುಕಿನೊಳಗೆ ಗಾಳಿ ನುಗ್ಗುತ್ತಿತ್ತು. ಮುಳ್ಳೇರಿಯ ಕಡೆ ಏರು ಹತ್ತುವಾಗ ಗಾಡಿ ಕುಂಟುತ್ತಿದ್ದದ್ದು ಅದಕ್ಕೇ. ನಾನು ಸುಮ್ನೆ ಕಾರ್ಬುರೇಟರನ್ನು ಎರಡು ಸಲ ಬಿಚ್ಚಿಸಿದ್ದೆ!